ದಾಕ್ಷಿಣ್ಯದ ಹುಡುಗನಿಗೆ ‘ಬೇಡ’ ಕಲಿಸಿದ್ದು

ವ್ಯಸನಮುಕ್ತಿ ಕಾರ್ಯಕ್ರಮ ಅಂದರೆ ಗಂಭೀರವಾಗಿ ನಡೆಯಬೇಕು, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಶಾಲೆಯಲ್ಲಿ ಅದನ್ನು ಎಷ್ಟೇ ಗಂಭೀರವಾಗಿ ಶುರು ಮಾಡಿದರೂ ಕೊನೆಗೆ ಯಾರಾದರೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಬೇಕಾಗುತ್ತದೆ. ಸಾಮಾನ್ಯವಾಗಿ ಹಾಗೆ ಓಡುವವಳು ನಾನೇ.

ನಮ್ಮದು ಸಕಲೇಶಪುರ ಕಡೆಯ ಹಾನುಬಾಳಿನಿಂದ ಇನ್ನೂ ಒಳಗಿರುವ ಒಂದು ಹೈಸ್ಕೂಲು. ನಾನು ಅಲ್ಲಿ ವಿಜ್ಞಾನದ ಟೀಚರು. ಮಕ್ಕಳನ್ನು ಗುಟ್ಕಾ, ಬೀಡಿ, ಗಾಂಜಾದಿಂದ ದೂರ ಇಡುವ ಕೆಲಸಕ್ಕೆ ಒಬ್ಬರು ಉಸ್ತುವಾರಿ ಬೇಕು ಅಂತ ಮೇಲಿನಿಂದ ಸುತ್ತೋಲೆ ಬಂದ ದಿನ ಹೆಡ್‌ಮಾಸ್ಟರು ಸ್ಟಾಫ್ ರೂಮಿಗೆ ಬಂದು ಎಲ್ಲರ ಮುಖ ನೋಡಿದರು. ಎಲ್ಲರೂ ಪುಸ್ತಕ ನೋಡಿದರು. ನಾನು ಆಗ ತಾನೇ ರೊಟ್ಟಿ ಬಾಯಿಗಿಟ್ಟುಕೊಂಡಿದ್ದೆ.

“ಮೇಡಂ, ಶ್ವಾಸಕೋಶ ನಿಮ್ಮ ಸಬ್ಜೆಕ್ಟಿಗೇ ಬರೋದು. ಹಂಗಾಗಿ ಇದೂ ನಿಮಗೇ ಬಂತು,” ಅಂದರು. ಬಾಯಲ್ಲಿ ರೊಟ್ಟಿ ಇದ್ದವಳು ಬೇಡ ಅನ್ನುವುದಾದರೂ ಹೇಗೆ?

ಕಬಡ್ಡಿ

ಮೊದಲು ಆ ಹುಡುಗನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ನಿಜವಾಗಿ ಚಿಂತೆ ಹತ್ತಿದ್ದು ಅವನದೇ. ಎಂಟನೇ ಕ್ಲಾಸು. ಅಮ್ಮ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾಳೆ, ಮನೆ ಅಲ್ಲೇ ಆಳುಗಳ ಸಾಲುಮನೆಯ ಲೈನಿನಲ್ಲಿ. ಹುಡುಗನಿಗೆ ಯಾವ ಕೆಟ್ಟ ಗುಣವೂ ಇರಲಿಲ್ಲ. ಒಂದೇ ಒಂದು ಕಾಯಿಲೆ, ದಾಕ್ಷಿಣ್ಯ. ಯಾರು ಏನು ಹೇಳಿದರೂ ಇಲ್ಲ ಅನ್ನಲು ಬಾರದು. ಪಿ.ಟಿ. ಮಾಸ್ಟರು ನೀರು ತಾ ಅಂದರೆ ಹೊರಡುತ್ತಿದ್ದ; ದಾರಿಯಲ್ಲಿ ಕನ್ನಡದ ಮಾಸ್ಟರು ಚಾಕ್‌ಪೀಸ್ ತಾ ಅಂದರೆ ಅತ್ತ ತಿರುಗುತ್ತಿದ್ದ; ಅಷ್ಟರಲ್ಲಿ ಅಡುಗೆಯಮ್ಮ ಸೌದೆ ಎತ್ತಿಕೊಡು ಅಂದರೆ ಅಲ್ಲೂ ನಿಲ್ಲುತ್ತಿದ್ದ. ಪೀರಿಯಡ್ ಮುಗಿಯುವ ಹೊತ್ತಿಗೆ ಪಿ.ಟಿ. ಮಾಸ್ಟರ ಕೈಗೆ ಚಾಕ್‌ಪೀಸು, ಕನ್ನಡದ ಮಾಸ್ಟರ ಮೇಜಿಗೆ ನೀರು ಬಂದಿರುತ್ತಿತ್ತು.

ಹೋಬಳಿ ಮಟ್ಟದ ಕಬಡ್ಡಿ ಪಂದ್ಯ. ಎದುರಾಳಿ ತಂಡದ ದಾಂಡಿಗ ಹುಡುಗನೊಬ್ಬ ನಮ್ಮ ಕಡೆ ನುಗ್ಗಿದ. ನಮ್ಮ ಈ ಪುಣ್ಯಾತ್ಮ ಅವನ ಕಾಲನ್ನು ಉಡದ ಹಾಗೆ ಹಿಡಿದುಕೊಂಡ. ನಾವೆಲ್ಲ ಎದ್ದು ಕುಣಿದೆವು. ಇದ್ದಕ್ಕಿದ್ದ ಹಾಗೆ ಕಾಲು ಬಿಟ್ಟುಬಿಟ್ಟ. ಅವನು ಗೆರೆ ಮುಟ್ಟಿ ಹೋದ, ನಾವು ಸೋತೆವು.

“ಯಾಕೋ ಬಿಟ್ಟೆ?” ಅಂತ ಪಿ.ಟಿ. ಮಾಸ್ಟರು ಅಳುವುದೊಂದು ಬಾಕಿ.

“ಬಿಡೋ ಮಾರಾಯ ಅಂದ ಸಾರ್,” ಅಂದ ಹುಡುಗ.

ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ವಲ್ಪ ದಿನದ ಮೇಲೆ ಅವನ ಅಂಗಿ ಜೇಬಿನಿಂದ ಗುಟ್ಕಾ ಪಾಕೀಟು ಇಣುಕಿದಾಗ ಆ ನಗು ಎಲ್ಲಿ ಹೋಯಿತೋ. ಪಕ್ಕಕ್ಕೆ ಕರೆದು ಕೇಳಿದೆ.

“ತಿಂದಿಲ್ಲ ಮಿಸ್, ಅಮ್ಮನಾಣೆ. ಜೀಪಲ್ಲಿ ಅಣ್ಣದೀರು ಕೊಟ್ರು. ಬೇಡ ಅಂದ್ರೆ ಬೇಜಾರ್ ಮಾಡ್ಕತರೆ ಅಂತ ಇಸ್ಕಂಡು ಜೇಬಲ್ಲಿ ಇಟ್ಕಂಡೆ.” ಆಮೇಲೆ ಮೆಲ್ಲಗೆ, “ಒಂದಿನ ನಮ್ಮೆದ್ರಿಗೇ ಹಾಕ್ಕಬೇಕು ಅಂತವ್ರೆ ಮಿಸ್,” ಅಂದ.

ಶಾಲೆಗೆ ಬಂದು ಹೋಗಲು ಆ ಬಾಡಿಗೆ ಜೀಪು ಬಿಟ್ಟರೆ ಅವನಿಗೆ ಬೇರೆ ಗತಿ ಇಲ್ಲ. ಆ ಕಡೆಗೆ ಬಸ್ಸಿಲ್ಲ, ಸಂಜೆಯಾದರೆ ಆನೆ ಓಡಾಡುವ ದಾರಿ, ನಡೆದು ಹೋಗು ಅನ್ನುವಂತಿಲ್ಲ. ಅಣ್ಣದೀರು ಅಂದರೆ ಅದೇ ಲೈನಿನ ದೊಡ್ಡ ಹುಡುಗರು. ಇವನನ್ನು ತಮ್ಮನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬರುವವರು. ನಾನು ಹೋಗಿ ಜೀಪಿನ ಡ್ರೈವರ್‌ನನ್ನೇ ತರಾಟೆಗೆ ತೆಗೆದುಕೊಂಡೆ.

“ನಾನು ಮುಂದೆ ನೋಡ್ಕಂಡು ಓಡಿಸ್ಲಾ, ಹಿಂದೆ ನೋಡ್ಕಂಡು ಓಡಿಸ್ಲಾ ಮೇಡಂ?” ಅಂದ ಅವನು. “ಆ ತಿರುವಲ್ಲಿ ನಾನು ಹಿಂದೆ ನೋಡಿದ್ರೆ ಗುಟ್ಕಾ ತಿನ್ನಕ್ಕೆ ಯಾರೂ ಉಳ್ಯಾಕಿಲ್ಲ.”

ಭಾಷಣದ ಫಲ

ಹುಡುಗನ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಒಳ್ಳೆಯ ಭಾಷಣಕಾರರೊಬ್ಬರನ್ನು ಹಾಸನದಿಂದ ಕರೆಸಿದೆವು. ಬಂದವರು ಬಹಳ ತಿಳಿದವರು. ಊಟದ ಬೆಲ್ ಹೊಡೆದರೂ ನಿಲ್ಲಿಸಲಿಲ್ಲ. ನಾವು ಟೀಚರುಗಳೇ ಕೇಳಿರದ ಮಾದಕ ವಸ್ತುಗಳ ಹೆಸರು ಹೇಳಿದರು, ಅವು ಯಾವ ಬಣ್ಣ, ಯಾವ ವಾಸನೆ ಅಂತ ವಿವರಿಸಿದರು. ಊರೂರು ಸುತ್ತಿದ ಅನುಭವದಿಂದ, ಹುಡುಗರು ಅವನ್ನು ಹೇಗೆಲ್ಲ ಸಾಗಿಸುತ್ತಾರೆ ಅಂತಲೂ ಬಿಡಿಸಿ ಹೇಳಿದರು.

ಮಕ್ಕಳು ಅಷ್ಟು ಗಮನ ಕೊಟ್ಟು ಕೇಳಿದ್ದನ್ನು ನಾನು ನೋಡಿಯೇ ಇರಲಿಲ್ಲ. ದ್ಯುತಿಸಂಶ್ಲೇಷಣೆ ಮಾಡುವಾಗ ಆಕಳಿಸುವವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹೆಡ್‌ಮಾಸ್ಟರು ಹಿಗ್ಗಿ ಹೀರೇಕಾಯಿಯಾದರು.

ಭಾಷಣ ಮುಗಿಸಿ ಅವರು, “ಈಗ ಹೇಳಿ ಮಕ್ಕಳೇ, ಇವತ್ತು ಏನು ಕಲಿತಿರಿ?” ಅಂದರು.

ಮೊದಲ ಸಾಲಿನ ಹುಡುಗಿ ಕೈ ಎತ್ತಿದಳು. ಒಂಬತ್ತನೇ ಕ್ಲಾಸಿನವಳು, ಶಾಲೆಯಲ್ಲೇ ಬಾಯಿ ಜೋರು. “ಎಲ್ಲೆಲ್ಲಿ ಬಚ್ಚಿಡಬೌದು ಅಂತ ಕಲ್ತಿವಿ ಸಾರ್. ಶೂ ಒಳಗೆ, ಪೆನ್ನಿನ ರೀಫಿಲ್ ತೆಗ್ದು ಅದ್ರೊಳಗೆ, ಆಮೇಲೆ ಟಾರ್ಚಿನ ಸೆಲ್ ಜಾಗದಲ್ಲಿ. ಇನ್ನೊಂದು ಹೇಳಿದ್ರಲ್ಲ ಸಾರ್, ಅದು ಮರ್ತೋಯ್ತು.”

ಮಕ್ಕಳೆಲ್ಲ ಸೇರಿ ನೆನಪು ಮಾಡಿಕೊಟ್ಟರು.

ಕಪ್ಪು ಕನ್ನಡಕ

ಭಾಷಣ ಬೇಡ, ಚಿತ್ರ ಇರಲಿ ಅಂತ ತೀರ್ಮಾನಿಸಿದೆವು. ಒಂದು ದೊಡ್ಡ ಪೋಸ್ಟರು ಬಂತು. ಶಾಲೆಯ ಗೇಟಿನ ಹತ್ತಿರ ಕಪ್ಪು ಕನ್ನಡಕ ಹಾಕಿದ ಒಬ್ಬ ಮನುಷ್ಯ ಮಕ್ಕಳಿಗೆ ಚಾಕಲೇಟು ಚಾಚುತ್ತಿದ್ದಾನೆ. ಕೆಳಗೆ ‘ಎಚ್ಚರ!’ ಅಂತ ಕೆಂಪು ಅಕ್ಷರ. ಅದನ್ನು ತೋರಿಸಿ, ಇಂಥವರು ಕಂಡರೆ ಕೂಗಿ ಅಂತ ಮಕ್ಕಳಿಗೆ ಕಲಿಸಿದೆ.

ಸ್ವಲ್ಪ ದಿನಕ್ಕೇ ಗೇಟಿನ ಹತ್ತಿರ ಗದ್ದಲವೋ ಗದ್ದಲ. “ಮಿಸ್, ಸಿಕ್ಕಾಕ್ಕಂಡ! ಸಿಕ್ಕಾಕ್ಕಂಡ!” ಓಡಿ ಹೋಗಿ ನೋಡಿದರೆ ಮಕ್ಕಳ ಚಕ್ರವ್ಯೂಹದ ನಡುವೆ ಒಬ್ಬ ಮುದುಕ. ಕಣ್ಣಿಗೆ ಕಪ್ಪು ಕನ್ನಡಕ. ಕೈಯಲ್ಲಿ ಚಾಕಲೇಟಿನ ಖಾಲಿ ಕವರು. ಪಾಪ, ಸಕಲೇಶಪುರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಸ್ಸಿಳಿದವರು, ಹೊಸ ಕಣ್ಣಲ್ಲಿ ಮೊಮ್ಮಗಳನ್ನು ನೋಡೋಣ ಅಂತ ಮನೆಗೂ ಹೋಗದೆ ನೇರ ಶಾಲೆಗೆ ಬಂದಿದ್ದರು. ಮೊಮ್ಮಗಳು ಬೇರೆ ಯಾರೂ ಅಲ್ಲ, ಆ ಬಾಯಿ ಜೋರಿನ ಹುಡುಗಿಯೇ.

ನಾನು ಕೈಮುಗಿದು ಕ್ಷಮೆ ಕೇಳಿದೆ. ತಾತ ಒಂದು ಚೂರೂ ಕೋಪ ಮಾಡಿಕೊಳ್ಳಲಿಲ್ಲ.

“ಕನ್ನಡಕದಲ್ಲಿ ಗುರ್ತು ಸಿಗ್ದೆ ಮೊದ್ಲು ಕೂಗಿದ್ದೇ ನನ್ನ ಮೊಮ್ಮಗ್ಳು ಕಣಮ್ಮ,” ಅಂದರು ಹೆಮ್ಮೆಯಿಂದ. “ಧೈರ್ಯ ಐತೆ ಮಗೀಗೆ. ಆದ್ರೆ ಒಂದು ಗಮನ್ಸಿದೆ. ಕೂಗಿದ್ರು, ಹಿಡ್ಕಂಡ್ರು, ಚಾಕ್ಲೇಟು ಮಾತ್ರ ಯಾರೂ ವಾಪಸ್ ಕೊಡ್ಲಿಲ್ಲ!”

ನಿಮ್ಮ ಸಂತೋಷಕ್ಕೆ

ಅವತ್ತು ಕೂತು ಯೋಚಿಸಿದೆ. ನಮ್ಮ ಮಕ್ಕಳಿಗೆ ಇಂಥದ್ದನ್ನೆಲ್ಲ ಮೊದಲು ಕೊಡುವವರು ಕಪ್ಪು ಕನ್ನಡಕದವರಲ್ಲ. ಅಣ್ಣಂದಿರು, ಮಾವಂದಿರು, ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವವರು. ಶತ್ರು ಕೊಟ್ಟರೆ ಬೇಡ ಅನ್ನುವುದು ಸುಲಭ. ಪ್ರೀತಿಯಿಂದ ಕೊಟ್ಟರೆ? ಹೆಸರು ಹೇಳಿ ಹೆದರಿಸುವುದು ಸಾಕು, ಇವರಿಗೆ ‘ಬೇಡ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸೋಣ ಅಂತ ಹೊರಟೆ.

ಕಾಗದದ ಪೊಟ್ಟಣದಲ್ಲಿ ಹುರಿಗಡಲೆ ಕಟ್ಟಿದೆ. ಇದೇ ಗುಟ್ಕಾ ಅಂದುಕೊಳ್ಳಿ, ಒಬ್ಬರು ಕೊಡಿ, ಇನ್ನೊಬ್ಬರು ಬೇಡ ಅನ್ನಿ ಅಂದೆ. ಎಂಟು, ಒಂಬತ್ತು ಎರಡೂ ಕ್ಲಾಸಿನವರನ್ನು ಸೇರಿಸಿದ್ದೆ. ಮೊದಲ ಜೋಡಿಯಲ್ಲಿ ಬಾಯಿ ಜೋರಿನ ಹುಡುಗಿ ಕೊಡುವವಳು, ದಾಕ್ಷಿಣ್ಯದ ಹುಡುಗ ಬೇಡ ಅನ್ನುವವನು.

“ತಗಳೋ.”

“ಬೇಡಕ್ಕ.”

ಭಲೇ ಅಂದುಕೊಂಡೆ.

“ಅಯ್ಯೋ, ತಗಳೋ ಪರ್ವಾಗಿಲ್ಲ.”

“ಬೇಡಕ್ಕ, ಈಗ ತಾನೇ ಆಯ್ತು.”

“ಹಂಗಂದ್ರೆ ಹೆಂಗೋ? ಚೂರಾದ್ರೂ ತಗಬೇಕಪ್ಪ. ನಂಗೆ ಬೇಜಾರಾಗ್ತದೆ.”

“ಸರಿ, ನಿಮ್ ಸಂತೋಷಕ್ಕೆ,” ಅಂದವನೇ ಹುಡುಗ ಪೊಟ್ಟಣ ಇಸಿದುಕೊಂಡು ಬಾಯಿಗೆ ಸುರಿದುಕೊಂಡ.

ಅವನೊಬ್ಬನೇ ಅಲ್ಲ. ಎಷ್ಟು ಜೋಡಿ ಬಂದರೂ ಎಲ್ಲರದೂ ಇದೇ ಕಥೆ. ಮೊದಲ ಸಲ ಬೇಡ, ಎರಡನೇ ಸಲ ಈಗ ತಾನೇ ಆಯ್ತು, ಮೂರನೇ ಸಲ ನಿಮ್ಮ ಸಂತೋಷಕ್ಕೆ. ತಪ್ಪು ಅವರದ್ದಲ್ಲ. ನಮ್ಮ ಕಡೆ ಒಂದೇ ಸಲಕ್ಕೆ ತಗೊಂಡವನು ಹೊಟ್ಟೆಬಾಕ, ಒಂದೇ ಸಲ ಕೇಳಿದವನು ಜಿಪುಣ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಮಕ್ಕಳಿಗೆ ‘ಬೇಡ’ ಅಂದರೆ ‘ಇನ್ನೊಂದು ಸಲ ಕೇಳಿ’ ಅಂತಲೇ ಅರ್ಥ. ನನ್ನ ಹುರಿಗಡಲೆ ಖಾಲಿಯಾಯಿತು.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆಗ ಆ ಹುಡುಗಿಯೇ ಎದ್ದು ನಿಂತಳು.

“ಮಿಸ್, ಬಾಯಲ್ಲಿ ಬೇಡ ಅಂದ್ರೆ ಯಾರ್ ಬಿಡ್ತಾರೆ? ಮದ್ವೆ ಊಟದಲ್ಲಿ ನೋಡಿ. ಸಾಕು ಸಾಕು ಅಂತಿದ್ರೂ ಸೌಟು ಬಗ್ಗಿಸ್ತಾನೇ ಇರ್ತಾರೆ. ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದ್ರೆ ಮಾತ್ರ ಮುಂದಕ್ಕೆ ಹೋಗ್ತಾರೆ. ನಾವೂ ಹಂಗೇ ಮಾಡಣ.”

ಅವಳನ್ನು ಅಲ್ಲೇ ಅಪ್ಪಿಕೊಂಡುಬಿಟ್ಟೆ. ಎರಡೂ ಕೈ ಅಗಲಿಸಿ ಅಡ್ಡ ಹಿಡಿಯುವುದು, ಕೊಡುವವರ ಮುಖ ನೋಡುವುದು, “ಬೇಡ. ಬೇಜಾರ್ ಮಾಡ್ಕಬೇಡಿ, ಆದ್ರೆ ಬೇಡ,” ಅನ್ನುವುದು. ಇಡೀ ಕ್ಲಾಸು ಕೈ ಅಡ್ಡ ಹಿಡಿದು ಕೂತು ಅಭ್ಯಾಸ ಮಾಡುವಾಗ ಪಿ.ಟಿ. ಮಾಸ್ಟರು ಕಿಟಕಿಯಲ್ಲಿ ಇಣುಕಿದರು.

“ಏನ್ ಮೇಡಂ, ಪಂಕ್ತಿ ಕೂರ್ಸಿದೀರಾ? ನಂಗೂ ಒಂದು ಎಲೆ ಹಾಕಿ,” ಅಂದರು.

ಮನೆಪಾಠ

ಮನೆಯಲ್ಲೂ ಅಭ್ಯಾಸ ಮಾಡಿ ಅಂದಿದ್ದೆ. ವಾರದೊಳಗೆ ತಾಯಂದಿರ ದೂರು ಬಂತು. “ಸೊಪ್ಪಿನ ಪಲ್ಯ ಬಡ್ಸಕ್ಕೋದ್ರೆ ಕೈ ಅಡ್ಡ ಹಿಡ್ದು, ಬೇಜಾರ್ ಮಾಡ್ಕಬೇಡಿ ಆದ್ರೆ ಬೇಡ ಅಂತವ್ನೆ ಮಿಸ್. ಇದೇನಾ ನೀವು ಕಲ್ಸೋದು?”

ದಾಕ್ಷಿಣ್ಯದ ಹುಡುಗನನ್ನು ಕರೆದು, ನಿನ್ನದು ಎಲ್ಲಿಗೆ ಬಂತು ಅಂತ ಕೇಳಿದೆ. ಅಣ್ಣಂದಿರ ಎದುರು ಇನ್ನೂ ಬಾಯಿ ಬಂದಿರಲಿಲ್ಲ. ಈಗಲೂ ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದ, ಬೆಳಿಗ್ಗೆ ಬಂದು ನನ್ನ ಕೈಗೆ ಕೊಡುತ್ತಿದ್ದ. ದಿನಾ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದದ್ದು ಆ ಜೇಬನ್ನೇ.

“ನಾಯಿ ಹತ್ರ ಅಭ್ಯಾಸ ಮಾಡ್ದೆ ಮಿಸ್,” ಅಂದ. “ರೊಟ್ಟಿ ತಿನ್ನುವಾಗ ಬಂತು. ಕೈ ಅಡ್ಡ ಹಿಡ್ದು ಇಲ್ಲ ಹೋಗು ಅಂದೆ.”

“ಶಹಬ್ಬಾಸ್. ಹೋಯ್ತಾ?”

“ಬಾಲ ಅಲ್ಲಾಡಿಸ್ತು ಮಿಸ್. ಕೊಟ್ಬುಟ್ಟೆ.”

ಬಾಯಿ ತುಂಬಿದ ವೇದಿಕೆ

ವರ್ಷದ ದೊಡ್ಡ ಕಾರ್ಯಕ್ರಮ ಬಂತು. ಮೈದಾನದಲ್ಲಿ ಶಾಮಿಯಾನ. ಮೈಕ್ ಸೆಟ್ ಹೇರಿಕೊಂಡು ಬಂದದ್ದು ಅದೇ ಜೀಪು. ಡ್ರೈವರು, ಹಿಂದಿನ ಸೀಟಿನ ಅಣ್ಣಂದಿರು ಎಲ್ಲ ಹಿಂದೆ ನಿಂತಿದ್ದರು. ಮುಖ್ಯ ಅತಿಥಿ ನಮ್ಮ ಊರಿನ ಹಿರಿಯ ಗೌಡ್ರು. ಶಾಲೆಯ ಡೆಸ್ಕು, ಗೇಟು ಎಲ್ಲ ಅವರು ಕೊಡಿಸಿದ್ದು. ಮನಸ್ಸು ಬೆಣ್ಣೆಯಂಥದ್ದು. ಹೂವಿನ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಲ್ಲು ಅಂತ ಯಾರೋ ಹೇಳಿದ್ದರಿಂದ ನಮ್ಮ ಹುಡುಗನೂ ಮೇಲೆ ನಿಂತಿದ್ದ.

ಗೌಡ್ರು ತಂಬಾಕಿನ ಮೇಲೆ ಕೆಂಡ ಕಾರಿದರು. “ಇದು ಮನೆ ಹಾಳು ಮಾಡೋ ಸೊಪ್ಪು ಕಣ್ರಪ್ಪ!” ಅಂದರು. ಚಪ್ಪಾಳೆಯೋ ಚಪ್ಪಾಳೆ. ಭಾಷಣ ಮುಗಿಸಿ ಬಂದು ಕುರ್ಚಿಯಲ್ಲಿ ಕೂತು ಉಸ್ಸಪ್ಪ ಅಂದರು. ಗಂಟಲು ಒಣಗಿತ್ತು. ಅಭ್ಯಾಸ ಬಲ, ಅವರಿಗೇ ಅರಿವಿಲ್ಲದೆ ಕೈ ಸೊಂಟಕ್ಕೆ ಹೋಯಿತು, ಎಲೆಅಡಿಕೆ ಚೀಲ ಹೊರಗೆ ಬಂತು. ಎಲೆಗೆ ಸುಣ್ಣ ಸವರಿದರು, ಅಡಿಕೆ ಇಟ್ಟರು, ಮೇಲೆ ಹೊಗೆಸೊಪ್ಪು ಮುರಿದು ಹಾಕಿ, ಮಡಿಸಿ ಕೆನ್ನೆಗೆ ಒತ್ತಿಕೊಂಡರು. ಹಿರಿಯರು ಒಬ್ಬರೇ ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಪಕ್ಕದಲ್ಲಿದ್ದ ಹೆಡ್‌ಮಾಸ್ಟರಿಗೂ ಮಡಿಸಿ ಚಾಚಿದರು.

“ಬೇಡ ಗೌಡ್ರೇ,” ಅಂದರು ಹೆಡ್‌ಮಾಸ್ಟರು.

“ಹಾಕ್ಕಳಿ ಮೇಷ್ಟ್ರೇ.”

“ಈಗ ತಾನೇ ಕಾಫಿ ಆಯ್ತು.”

“ಹಂಗಂದ್ರೆ ಹೆಂಗೆ?”

ಹೆಡ್‌ಮಾಸ್ಟರು ನಿಮ್ಮ ಸಂತೋಷಕ್ಕೆ ಅಂತ ಬಾಯಿಗಿಟ್ಟರು. ಎಲೆ ಮುಂದಿನ ಕುರ್ಚಿಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ನಾನು ಮೈಕಿನ ಮುಂದೆ ಸಭೆಯ ಕಡೆ ಮುಖ ಮಾಡಿ ನಿರೂಪಣೆಯಲ್ಲಿ ಮುಳುಗಿದ್ದೆ. ಇದೊಂದೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಹಿಂದಿನಿಂದ ಗೌಡ್ರ ದನಿ ಮೈಕಿನಲ್ಲಿ ಕೇಳಿದಾಗ.

“ನೀನೂ ಒಂದೆಲೆ ಹಾಕ್ಕಳಪ್ಪ ಮಗ. ಹೊಗೆಸೊಪ್ಪಿಲ್ಲ, ಬರೀ ಅಡಿಕೆ.”

ತಿರುಗಿ ನೋಡಿದೆ. ಹುಡುಗ ತಟ್ಟೆ ಕೆಳಗಿಟ್ಟಿದ್ದ. ಎರಡೂ ಕೈ ಅಗಲಿಸಿ ಅಡ್ಡ ಹಿಡಿದ.

“ಬೇಡ ತಾತ.”

“ಹಾಕ್ಕಳೋ, ಪರ್ವಾಗಿಲ್ಲ.”

“ಬೇಜಾರ್ ಮಾಡ್ಕಬೇಡಿ ತಾತ. ಪ್ರೀತಿಯಿಂದ್ಲೇ ಕೊಡ್ತಿದೀರ. ಆದ್ರೆ ಬೇಡ.”

ಇಡೀ ಮೈದಾನ ಕೇಳಿಸಿಕೊಂಡಿತು. ಗೌಡ್ರ ಕೈ ಗಾಳಿಯಲ್ಲೇ ನಿಂತಿತು. ನಾನು ಏನು ಮಾಡಬೇಕೋ ತೋಚದೆ ಕಾರ್ಯಕ್ರಮ ಪಟ್ಟಿಯಲ್ಲಿ ಮುಂದಿದ್ದದ್ದನ್ನು ಗಟ್ಟಿಯಾಗಿ ಓದಿಬಿಟ್ಟೆ: “ಈಗ ವೇದಿಕೆಯ ಗಣ್ಯರು ನಮಗೆಲ್ಲ ತಂಬಾಕು ವಿರೋಧಿ ಪ್ರತಿಜ್ಞೆ ಬೋಧಿಸುತ್ತಾರೆ.”

ಮಕ್ಕಳೆಲ್ಲ ಎದ್ದು ಕೈ ಮುಂದೆ ಚಾಚಿ ನಿಂತರು. ಹೆಡ್‌ಮಾಸ್ಟರು ಎದ್ದರು. ಕೆನ್ನೆ ಉಬ್ಬಿತ್ತು. ವೇದಿಕೆಯಿಂದ ಉಗುಳುವ ಹಾಗಿಲ್ಲ, ಹೊಗೆಸೊಪ್ಪಿನ ರಸ ನುಂಗುವ ಹಾಗಂತೂ ಇಲ್ಲವೇ ಇಲ್ಲ. ಅವರು ಪಕ್ಕದವರನ್ನು ತೋರಿಸಿದರು. ಪಕ್ಕದವರು ಅವರ ಪಕ್ಕದವರನ್ನು ತೋರಿಸಿದರು. ಕೊನೆಯವರು ತೋರಿಸಲು ಯಾರೂ ಇಲ್ಲದೆ ಆಕಾಶ ತೋರಿಸಿದರು. ಆ ಸಾಲಿನಲ್ಲಿ ಖಾಲಿ ಬಾಯಿ ಇದ್ದದ್ದು ಒಂದೇ. ಹೆಡ್‌ಮಾಸ್ಟರು ಕಣ್ಣಲ್ಲೇ ಹುಡುಗನಿಗೆ ಅಪ್ಪಣೆ ಕೊಟ್ಟರು. ಅಪ್ಪಣೆ ಮೀರಿ ಅವನಿಗೆ ಗೊತ್ತಿಲ್ಲ. ಮೈಕಿನ ಮುಂದೆ ಬಂದು ನಿಂತ.

“ನಾನು ತಂಬಾಕು, ಗುಟ್ಕಾ ಮುಟ್ಟುವುದಿಲ್ಲ,” ಅಂದ. ಮಕ್ಕಳು ಹೇಳಿದರು. ಹಿಂದೆ ಗಣ್ಯರೂ ಕೈ ಚಾಚಿ, ಮುಖ ಮೇಲೆತ್ತಿ, “ಊಂ ಊಂ ಊಂಊಂ,” ಅಂದರು.

“ಯಾರು ಕೊಟ್ಟರೂ ಬೇಡ ಅನ್ನುತ್ತೇನೆ.”

“ಊಂ ಊಂ ಊಂ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಗುವಿಗೆ ಅಂತ ಒತ್ತಿಕೊಂಡದ್ದು, ಅಳು ಬಂತು.

ಗೌಡ್ರು ವೇದಿಕೆ ಇಳಿದು ಸಿಲ್ವರ್ ಓಕ್ ಮರದ ಹಿಂದೆ ಹೋಗಿ ಉಗುಳಿ, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಶಲ್ಯದಲ್ಲಿ ಒರೆಸಿಕೊಂಡು ವಾಪಸ್ ಬಂದರು. “ನಂದು ಬಾಕಿ ಐತೆ. ಇನ್ನೊಂದ್ಸಲ ಹೇಳ್ಕೊಡಪ್ಪ,” ಅಂದರು. ಹುಡುಗ ಹೇಳಿಕೊಟ್ಟ. ಅವರು ಮಗುವಿನ ಹಾಗೆ ಹೇಳಿದರು. ಆಮೇಲೆ ಅವನ ತಲೆ ಮೇಲೆ ಕೈಯಿಟ್ಟು, “ನನ್ನ ಕೈಯಿಂದ ಎಲೆ ಬೇಡ ಅಂದೋನು ಈ ಸೀಮೆಲೇ ನೀನೊಬ್ಬ ಕಣೋ. ಭಾನುವಾರ ಮನೇಗೆ ಊಟಕ್ಕೆ ಬಾ,” ಅಂದರು.

ಗೌಡ್ರು ಹೊಗೆಸೊಪ್ಪು ಬಿಟ್ಟರಾ ಅಂತ ಕೇಳಬೇಡಿ. ಶಾಲೆಗೆ ಬರುವಾಗ ಚೀಲ ಮನೆಯಲ್ಲಿಟ್ಟು ಬರುತ್ತಾರೆ, ಅಷ್ಟು ಮಟ್ಟಿಗೆ ಸರಿ.

ಅಡ್ಡ ಹಿಡಿಯದ ಕೈ

ಸೋಮವಾರ ಬೆಳಿಗ್ಗೆ ಮೊದಲು ಅವನ ಜೇಬು ನೋಡಿದೆ. ಏನೂ ಇರಲಿಲ್ಲ.

“ಜೀಪಲ್ಲೂ ಹೇಳ್ದೆ ಮಿಸ್,” ಅಂದ. “ಕೈ ಅಡ್ಡ ಹಿಡ್ದೆ. ಅಣ್ಣದೀರು ನಕ್ರು. ಗೌಡ್ರಿಗೇ ಬೇಡ ಅಂದೋನು ನಮ್ಮ ಮಾತು ಕೇಳ್ತಾನಾ ಬಿಡ್ರೋ ಅಂದ್ರು. ಇಳಿಸ್ಲಿಲ್ಲ ಮಿಸ್. ಡ್ರೈವರಣ್ಣ ಮುಂದಿನ ಸೀಟಿಗೆ ಕರ್ದು ಕೂರಿಸ್ಕಂಡ್ರು.”

ನನಗೆ ಅವತ್ತು ಆದ ಸಂತೋಷ ಹತ್ತನೇ ಕ್ಲಾಸಿನ ಫಲಿತಾಂಶ ಬಂದಾಗಲೂ ಆಗಿಲ್ಲ. ಆದರೆ ಹುಡುಗನ ಮುಖ ಮಾತ್ರ ಸಪ್ಪಗಿತ್ತು.

“ಮತ್ತೆ ಯಾಕೋ ಹಿಂಗಿದೀಯ? ಗೌಡ್ರ ಮನೆ ಊಟ ಹೆಂಗಿತ್ತು?”

“ಕಡುಬು, ಕೋಳಿ ಸಾರು ಮಾಡಿದ್ರು ಮಿಸ್. ಘಮ್ ಅಂತಿತ್ತು. ಗೌಡತಿಯಮ್ಮ ಬಡಿಸ್ಲೇನಪ್ಪ ಅಂದ್ರು. ನಾನು ಬೇಡಮ್ಮ ಅಂದೆ.”

“ಹೂಂ?”

“ಗೌಡ್ರು ಅಲ್ಲಿಂದ್ಲೇ ಕೂಗಿದ್ರು ಮಿಸ್. ಬಲವಂತ ಮಾಡ್ಬೇಡ ಕಣೇ, ಈ ಹುಡ್ಗ ಬೇಡ ಅಂದ್ರೆ ಬೇಡ ಅಂತ್ಲೇ ಲೆಕ್ಕ, ಒಂದು ಬಾಳೆಹಣ್ಣು ಕೊಟ್ಟು ಕಳ್ಸು ಅಂದ್ರು.” ಅವನ ಕಣ್ಣಲ್ಲಿ ನೀರು ತುಂಬಿತು. “ನಾನು ಸುಮ್ನೆ ಅಂದಿದ್ದೆ ಮಿಸ್. ಇನ್ನೊಂದ್ಸಲ ಕೇಳಬಾರ್ದಿತ್ತಾ?”

ನಗು ತಡೆದುಕೊಂಡು ನನ್ನ ಊಟದ ಡಬ್ಬಿ ತೆಗೆದೆ. ನಮ್ಮ ಮನೆಯಲ್ಲೂ ಹಿಂದಿನ ದಿನ ಕಡುಬೇ ಮಾಡಿದ್ದೆ. ಅವನ ಮುಂದೆ ಸರಿಸಿ, “ತಗೋ, ತಿನ್ನು,” ಅಂದೆ.

“ಬೇಡ ಮಿಸ್.”

ಕಲಿಸಿದವಳು ನಾನೇ ಅಲ್ಲವೇ? ಸರಿ ಅಂತ ಮುಚ್ಚಳ ಹಾಕಲು ಹೋದೆ.

ಹುಡುಗ ಗಾಬರಿಯಿಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಮಿಸ್, ಮಿಸ್, ಕೈ ಅಡ್ಡ ಹಿಡಿದಿಲ್ಲ ನೋಡಿ!”